ಹಳೆಯ ಕಾರಿನಲ್ಲಿ ಪೆಟ್ರೋಲ್ ವಾಸನೆ, ಚೆಕ್ ಎಂಜಿನ್ ದೀಪ: ದೋಷ ಹುಡುಕುವ ಕ್ರಮ

ಪೆಟ್ರೋಲ್ ವಾಸನೆ ಬರುತ್ತಿದೆ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ‘ಯಾವಾಗ?’ ಎಂದು. ‘ಎಲ್ಲಿಂದ?’ ಎಂದು ಕೇಳಿ ಪ್ರಯೋಜನವಿಲ್ಲ. ಕಾರಿನೊಳಗೆ ಕುಳಿತ ಮೂಗಿಗೆ ದಿಕ್ಕು ತಿಳಿಯುವುದಿಲ್ಲ. ಹಿಂದಿನ ಟ್ಯಾಂಕಿನ ಆವಿ ಡಿಕ್ಕಿಯ ಸಂದಿಯಿಂದ ನುಸುಳಿ ಬಂದರೂ ಡ್ಯಾಶ್‌ಬೋರ್ಡಿನಿಂದಲೇ ಬರುತ್ತಿದೆ ಎನ್ನಿಸುವುದುಂಟು. ಆದರೆ ತಣ್ಣಗಿರುವ ಕಾರಿನ ವಾಸನೆಗೆ ಒಂದು ಕಾರಣವಿರುತ್ತದೆ, ಟ್ಯಾಂಕ್ ತುಂಬಿಸಿದ ಮೇಲೆ ಬರುವುದಕ್ಕೆ ಇನ್ನೊಂದು, ಓಡಿಸಿ ನಿಲ್ಲಿಸಿದ ಅರ್ಧ ಗಂಟೆಯಲ್ಲಿ ಬರುವುದಕ್ಕೆ ಮತ್ತೊಂದು. ಒಂದು ವಾರ ಚೀಟಿಯಲ್ಲಿ ಬರೆದಿಡಿ: ಹೊತ್ತು, ಎಂಜಿನ್ ಬಿಸಿಯಿತ್ತೋ ತಣ್ಣಗಿತ್ತೋ, ಟ್ಯಾಂಕಿನಲ್ಲಿ ಎಷ್ಟಿತ್ತು. ಅರ್ಧ ರೋಗನಿರ್ಣಯ ಅಲ್ಲೇ ಮುಗಿಯುತ್ತದೆ.

ಈ ಬುದ್ಧಿ ನನಗೆ ತಡವಾಗಿ ಬಂತು. ನನ್ನ ಕಾರಿನ ಕಂಪ್ಯೂಟರ್ ದೀಪ ಹತ್ತಿಸಿ, ಪೆಟ್ರೋಲ್ ಆವಿಯ ಸಣ್ಣ ಸೋರಿಕೆ ಎಂಬ ಕೋಡ್ (ದೋಷದ ಸಂಖ್ಯೆ) ಕೊಟ್ಟಾಗ ಎರಡು ಬಾರಿ ಟ್ಯಾಂಕ್ ಮುಚ್ಚಳ ಬದಲಿಸಿದೆ, ಆಮೇಲೆ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್ ಬದಲಿಸಿದೆ. ದೀಪ ಮತ್ತೆ ಹತ್ತಿಕೊಂಡಿತು. ಕೊನೆಗೆ ಸಿಕ್ಕ ಕಳ್ಳ, ಟ್ಯಾಂಕಿನ ಆವಿ ಹಿಡಿದಿಡುವ ಇದ್ದಿಲು ಡಬ್ಬಿಯ ಮೇಲಿನ ಗೇಣುದ್ದದ ರಬ್ಬರ್ ಪೈಪ್. ಮೇಲಿನಿಂದ ನೋಡಿದರೆ ಹೊಸದರಂತೆ ಕಪ್ಪಗೆ ಮಿನುಗುತ್ತಿತ್ತು. ಬೆರಳಿನಿಂದ ಬಗ್ಗಿಸಿದಾಗ ಕೆಳಮೈಯಲ್ಲಿ ಬತ್ತಿದ ಕೆರೆಯ ತಳದಂತೆ ಬಿರುಕುಗಳು ಬಾಯಿಬಿಟ್ಟವು. ಮೂರು ಬಿಡಿಭಾಗ ಕೊಂಡ ಮೇಲೆ ತಿಳಿದದ್ದು ಅದು.

ಕೈಹಾಕುವ ಮುನ್ನ

ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೇರಿ ಚದುರಿಹೋಗುವುದಿಲ್ಲ. ನೆಲದ ಮೇಲೆ ಹರಿದು ಗುಂಡಿಯಲ್ಲಿ, ಷೆಡ್ಡಿನ ಮೂಲೆಯಲ್ಲಿ ತಂಗುತ್ತದೆ. ಗಾಳಿಯಲ್ಲಿ ಶೇ 1.4ರಷ್ಟು ಸೇರಿದರೂ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಕೆಲಸ ಬಯಲಿನಲ್ಲಿ ನಡೆಯಲಿ. ತಂತಿಯ ಬಲ್ಬ್ ಇರುವ ದೀಪ ಬೇಡ, ಮೊಹರು ಮಾಡಿದ ಎಲ್‌ಇಡಿ ಟಾರ್ಚ್ ಸಾಕು. ಇಂಧನದ ಪೈಪ್ ಬಿಚ್ಚುವುದಿದ್ದರೆ ಬ್ಯಾಟರಿಯ ಋಣ ತುದಿಯನ್ನು ಮೊದಲೇ ತೆಗೆದಿಡಿ. ಒಣಪುಡಿಯ ಅಗ್ನಿಶಾಮಕ ಕೈಗೆಟಕುವಲ್ಲಿರಲಿ. ಕಾರಿನ ಅಡಿಗೆ ಹೋಗುವಾಗ ಜಾಕನ್ನು ನಂಬಬೇಡಿ, ಆಧಾರದ ಸ್ಟ್ಯಾಂಡ್ ಇಡಿ. ಮುಚ್ಚಿದ ಷೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ.

ಪೆಟ್ರೋಲನ್ನು ಒತ್ತಡದಿಂದ ಚಿಮ್ಮಿಸುವ ಇಂಜೆಕ್ಷನ್ ಎಂಜಿನ್ನಿನ ಇಂಧನ ಪೈಪಿನಲ್ಲಿ ಎಂಜಿನ್ ಆರಿಸಿದ ಮೇಲೂ ಒತ್ತಡ ಉಳಿದಿರುತ್ತದೆ. ಒತ್ತಡ ಇಳಿಸುವ ವಿಧಾನ ನಿಮ್ಮ ಕಾರಿನ ಕೈಪಿಡಿಯಲ್ಲಿ ಇರುತ್ತದೆ. ಅದು ಗೊತ್ತಿಲ್ಲದಿದ್ದರೆ ಆ ಪೈಪನ್ನು ಮುಟ್ಟಬೇಡಿ.

ನೆಲದ ಮೇಲೆ ಪೆಟ್ರೋಲ್ ಹನಿ ಕಂಡರೆ ಈ ಬರಹವನ್ನು ಇಲ್ಲಿಗೇ ಬಿಡಿ. ಕಾರನ್ನು ಸ್ಟಾರ್ಟ್ ಮಾಡಬೇಡಿ, ತಳ್ಳಿ ಬಯಲಿಗೆ ತನ್ನಿ, ಎಳೆದೊಯ್ಯುವ ವಾಹನ ಕರೆಸಿ. ಮುಂದಿನದೆಲ್ಲ ಆವಿಯ ಮಾತು. ದ್ರವ ಸೋರುತ್ತಿರುವಾಗ ತನಿಖೆ ಮಾಡುತ್ತ ಕೂರುವಂತಿಲ್ಲ.

ಟ್ಯಾಂಕ್ ಉಸಿರಾಡುವ ಬಗೆ

ಬಿಸಿಲಿಗೆ ಟ್ಯಾಂಕಿನ ಪೆಟ್ರೋಲ್ ಆವಿಯಾಗುತ್ತದೆ. ಬಹಳ ಹಿಂದಿನ ಕಾರುಗಳು ಅದನ್ನು ಸುಮ್ಮನೆ ಗಾಳಿಗೆ ಬಿಡುತ್ತಿದ್ದವು. ಆಮೇಲೆ ಬಂದ ಏರ್ಪಾಡಿನಲ್ಲಿ ಆವಿ ಕ್ಯಾನಿಸ್ಟರ್ ಎಂಬ ಇದ್ದಿಲು ತುಂಬಿದ ಡಬ್ಬಿಗೆ ಹೋಗಿ ಅಲ್ಲಿ ಅಂಟಿ ಕೂರುತ್ತದೆ. ಎಂಜಿನ್ ಬಿಸಿಯಾಗಿ ಓಡುವಾಗ ಪರ್ಜ್ ವಾಲ್ವ್ ತೆರೆಯುತ್ತದೆ. ಎಂಜಿನ್ನಿನ ಎಳೆತಕ್ಕೆ ವೆಂಟ್ ಎಂಬ ಗಾಳಿದಾರಿಯ ಕಡೆಯಿಂದ ಹೊಸ ಗಾಳಿ ಡಬ್ಬಿಯೊಳಗೆ ಹಾದು ಆವಿಯನ್ನು ಹೊತ್ತುಕೊಂಡು ಎಂಜಿನ್ ಸೇರುತ್ತದೆ, ಅಲ್ಲಿ ಉರಿಯುತ್ತದೆ.

ಒಂದೇ ಸಂಗತಿ ನೆನಪಿಡಿ: ಕರೆಂಟ್ ಇಲ್ಲದಾಗ ಪರ್ಜ್ ವಾಲ್ವ್ ಮುಚ್ಚಿರಬೇಕು, ವೆಂಟ್ ವಾಲ್ವ್ ತೆರೆದಿರಬೇಕು. ಹೆಚ್ಚಿನ ಕಾರುಗಳಲ್ಲಿ ಹೀಗೆಯೇ ಇದೆ. ಕಾರ್ಬ್ಯುರೇಟರ್ ಕಾಲದ ಕಾರುಗಳಲ್ಲಿ ಪರ್ಜ್ ವಾಲ್ವಿಗೆ ಕರೆಂಟಿನ ಬದಲು ಎಂಜಿನ್ನಿನ ಎಳೆತ ತಲುಪಿಸುವ ವ್ಯಾಕ್ಯೂಮ್ ಪೈಪ್ ಇರುತ್ತದೆ, ತತ್ವ ಅದೇ.

ಲಕ್ಷಣ: ರಾತ್ರಿಯಿಡೀ ನಿಂತ ಕಾರಿನ ಬಳಿ ಬೆಳಗ್ಗೆ ವಾಸನೆ

ಮುಚ್ಚಳದಿಂದ ಶುರು ಮಾಡಿ. ಇದಕ್ಕೆ ಕಾಸು ಖರ್ಚಿಲ್ಲ. ರಬ್ಬರ್ ಬಳೆಯನ್ನು ಬಟ್ಟೆಯಿಂದ ಒರೆಸಿ ಉಗುರಿನಿಂದ ಒತ್ತಿ ನೋಡಿ. ಒತ್ತಿದಲ್ಲಿ ತಗ್ಗಿ ಮತ್ತೆ ಉಬ್ಬಿದರೆ ಸರಿ. ಗಟ್ಟಿಯಾಗಿ ಚಪ್ಪಟೆಯಾಗಿದ್ದರೆ, ಸೀಳಿದ್ದರೆ ಮುಚ್ಚಳ ಬದಲಿಸಿ. ಹಾಗೆಯೇ ಮುಚ್ಚಳ ಕೂರುವ ಲೋಹದ ಅಂಚನ್ನು ಬೆರಳಿನಿಂದ ಸುತ್ತ ಸವರಿ. ತುಕ್ಕಿನ ಒಂದು ಹಕ್ಕಳೆ ಸಾಕು, ಹೊಸ ಮುಚ್ಚಳವೂ ಸೋರುತ್ತದೆ. ಅಲ್ಲಿಂದ ಟ್ಯಾಂಕಿಗೆ ಇಳಿಯುವ ಕೊಳವೆ ಚಕ್ರದ ಮೇಲೆ ಹಾದುಹೋಗುವಲ್ಲಿ ಕೆಸರು ಕೂತು ತುಕ್ಕು ಹಿಡಿದಿರುತ್ತದೆ. ಪ್ಲಾಸ್ಟಿಕ್ ಮರೆಯನ್ನು ತೆಗೆಯದೆ ಅದು ಕಾಣಿಸುವುದಿಲ್ಲ.

ನಂತರ ರಬ್ಬರ್ ಪೈಪುಗಳು. ನೋಡಿದರೆ ಸಾಲದು, ಬಗ್ಗಿಸಿ, ಹಿಚುಕಿ. ತೀರಾ ಗಡುಸಾದದ್ದೂ ಮೇಣದಂತೆ ಮೆತ್ತಗಾದದ್ದೂ ಎರಡೂ ಕೆಟ್ಟಿವೆ. ಎಥನಾಲ್ ಬೆರೆತ ಪೆಟ್ರೋಲಿಗೆ ತಯಾರಾಗದ ಹಳೆಯ ರಬ್ಬರ್ ಬೇಗ ಸೋಲುತ್ತದೆ. ಕ್ಲಿಪ್ಪಿನ ಸುತ್ತ ಕಂದು ಬಣ್ಣದ ಅಂಟು ಕಲೆ ಕಂಡರೆ ಅಲ್ಲಿ ಪೆಟ್ರೋಲ್ ಜಿನುಗಿ ಒಣಗಿದೆ ಎಂದೇ ಅರ್ಥ. ಬದಲಿಗೆ ಹಾಕುವ ಪೈಪ್ ಇಂಧನಕ್ಕಾಗಿಯೇ ಮಾಡಿದ್ದಿರಲಿ. ನೀರಿನ ಪೈಪೋ ಬರಿಯ ವ್ಯಾಕ್ಯೂಮ್ ಪೈಪೋ ಹಾಕಿ ಕೈತೊಳೆದುಕೊಳ್ಳಬೇಡಿ.

ಕಾರ್ಬ್ಯುರೇಟರ್ ಕಾರಾದರೆ ಓಡಿಸಿ ನಿಲ್ಲಿಸಿದ ಮೇಲೆ ಸ್ವಲ್ಪ ಹೊತ್ತು ವಾಸನೆ ಬರುವುದು ಅಷ್ಟೇನೂ ಅಚ್ಚರಿಯಲ್ಲ, ಎಂಜಿನ್ನಿನ ಕಾವಿಗೆ ಕಾರ್ಬ್ಯುರೇಟರ್ ಬಟ್ಟಲಿನ ಪೆಟ್ರೋಲ್ ಆವಿಯಾಗುತ್ತದೆ. ಬೆಳಗಿನವರೆಗೂ ಉಳಿದರೆ ಬಟ್ಟಲು ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟಿನ ಸೂಜಿ ಅಥವಾ ಬಟ್ಟಲಿನ ಗ್ಯಾಸ್ಕೆಟ್ ನೋಡಬೇಕು. ಇಂಜೆಕ್ಷನ್ ಕಾರಿನಲ್ಲಿ ಇಂಧನದ ಒತ್ತಡ ನಿಯಂತ್ರಕಕ್ಕೆ ವ್ಯಾಕ್ಯೂಮ್ ಪೈಪ್ ಇದ್ದರೆ ಅದನ್ನು ಎಂಜಿನ್ ಆರಿಸಿ ಎಳೆದು ನೋಡಿ. ಒಳಗೆ ಪೆಟ್ರೋಲಿನ ಪಸೆ ಇದ್ದರೆ ನಿಯಂತ್ರಕದ ಪೊರೆ ಹರಿದಿದೆ, ಬೇರೆ ಪರೀಕ್ಷೆ ಬೇಕಿಲ್ಲ.

ಹಳೆಯ ಯಾಂತ್ರಿಕ ಪಂಪ್ ಇರುವ ಕಾರಿನಲ್ಲಿ ಆಯಿಲ್ ಕಡ್ಡಿಯನ್ನು ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಹೊಡೆದರೆ, ಆಯಿಲ್ ಮಟ್ಟ ತಾನಾಗಿ ಏರಿದ್ದರೆ, ಪಂಪಿನ ಪೊರೆ ಹರಿದು ಪೆಟ್ರೋಲ್ ಎಂಜಿನ್ನಿನ ಹೊಟ್ಟೆಗೆ ಇಳಿಯುತ್ತಿರಬಹುದು. ಸ್ಟಾರ್ಟ್ ಮಾಡಬೇಡಿ. ತೆಳುವಾದ ಆಯಿಲ್ ಬೇರಿಂಗುಗಳನ್ನು ತಿನ್ನುವುದಲ್ಲದೆ ಅಲ್ಲಿ ತುಂಬಿದ ಆವಿಯೂ ಅಪಾಯಕಾರಿ.

ಲಕ್ಷಣ: ಟ್ಯಾಂಕ್ ತುಂಬಿಸಿದ ಮೇಲೆ ವಾಸನೆ, ಅಥವಾ ಸ್ಟಾರ್ಟ್ ಆಗಲು ಹಟ

ಈ ಎರಡನ್ನು ಬೇರೆಬೇರೆಯಾಗಿ ನೋಡಬೇಕು. ತುಂಬಿದಾಗ ವಾಸನೆ ಬಂದು ಕಾಲು ಟ್ಯಾಂಕ್ ಖಾಲಿಯಾದ ಮೇಲೆ ಮಾಯವಾಗುವುದಾದರೆ, ಸೋರುವ ಜಾಗ ಟ್ಯಾಂಕಿನ ನೆತ್ತಿಯಲ್ಲಿದೆ: ಪಂಪ್ ಅಥವಾ ಮಟ್ಟಸೂಚಿ ಕೂರುವ ರಬ್ಬರ್ ಬಳೆ, ಇಲ್ಲವೇ ಅಲ್ಲಿಂದ ಹೊರಡುವ ಆವಿ ಪೈಪ್. ಅನೇಕ ಕಾರುಗಳಲ್ಲಿ ಹಿಂದಿನ ಸೀಟು ಎತ್ತಿದರೆ ಅದರ ಮುಚ್ಚಳ ಸಿಗುತ್ತದೆ. ಟಾರ್ಚ್ ಹಾಕಿ ನೋಡಿ. ಧೂಳು ಒದ್ದೆಯಾಗಿ ಕಪ್ಪುಗಟ್ಟಿದ್ದರೆ ಸಾಕ್ಷಿ ಸಿಕ್ಕಿತು. ಆ ಬಳೆ ಬದಲಿಸುವುದನ್ನು ಮಾತ್ರ ಅನುಭವಸ್ಥರಿಗೆ ಬಿಡಿ.

ಇನ್ನೊಂದು: ಪೆಟ್ರೋಲ್ ಹಾಕಿಸಿ ಹೊರಡುವಾಗ ಎಂಜಿನ್ ಒಡನೆ ಹಿಡಿಯುವುದಿಲ್ಲ, ಆಕ್ಸಿಲರೇಟರ್ ಒತ್ತಿದರೆ ಕೆಮ್ಮುತ್ತ ಹೊತ್ತಿಕೊಳ್ಳುತ್ತದೆ, ಒಂದು ನಿಮಿಷ ನಡುಗಿ ಸರಿಹೋಗುತ್ತದೆ. ಉಳಿದ ದಿನ ಏನೂ ಇಲ್ಲ. ಇದು ಪರ್ಜ್ ವಾಲ್ವ್ ತೆರೆದೇ ನಿಂತಿರುವ ಲಕ್ಷಣ. ಪೆಟ್ರೋಲ್ ತುಂಬುವಾಗ ಟ್ಯಾಂಕಿನಿಂದ ಹೊರತಳ್ಳಿದ ಆವಿಯೆಲ್ಲ ತೆರೆದ ಬಾಗಿಲಿನಿಂದ ನೇರ ಎಂಜಿನ್ ಸೇರಿ, ಸ್ಟಾರ್ಟ್ ಮಾಡುವ ಗಳಿಗೆಯಲ್ಲಿ ಗಾಳಿಗಿಂತ ಪೆಟ್ರೋಲೇ ಹೆಚ್ಚಾಗುತ್ತದೆ.

ಪರೀಕ್ಷೆ ಸುಲಭ. ತಣ್ಣಗಿರುವ ಎಂಜಿನ್ನನ್ನು ಸ್ಟಾರ್ಟ್ ಮಾಡಿ ನಿಂತಲ್ಲೇ ಓಡಲು ಬಿಡಿ. ಪರ್ಜ್ ವಾಲ್ವಿಗೆ ಡಬ್ಬಿಯ ಕಡೆಯಿಂದ ಬರುವ ಪೈಪನ್ನು ಎಳೆದು, ವಾಲ್ವಿನ ಬಾಯಿಗೆ ಬೆರಳು ಹಿಡಿಯಿರಿ. ತಣ್ಣಗಿರುವಾಗ ಅಲ್ಲಿ ಎಳೆತ ಇರಬಾರದು. ಬೆರಳನ್ನು ಹೀರಿದರೆ ವಾಲ್ವ್ ಕೆಟ್ಟಿದೆ. ಎಂಜಿನ್ ಆರಿಸಿ ವಾಲ್ವನ್ನು ಬಿಚ್ಚಿದರೆ ಕೈಪಂಪಿನಿಂದ ಗಾಳಿ ಊದಿಯೂ ನೋಡಬಹುದು; ದಾಟಬಾರದು. ಬಾಯಿಂದ ಊದಬೇಡಿ, ಒಳಗಿರುವುದು ಪೆಟ್ರೋಲ್ ಆವಿ.

ಬಿಚ್ಚಿದ ವಾಲ್ವನ್ನು ಎಸೆಯುವ ಮುನ್ನ ಬಿಳಿಯ ಕಾಗದದ ಮೇಲೆ ಮೆಲ್ಲಗೆ ತಟ್ಟಿ. ಏನೂ ಉದುರದಿದ್ದರೆ ಹೊಸ ವಾಲ್ವ್ ಹಾಕಿ ಮುಗಿಸಿ. ಸಾಸಿವೆಗಿಂತ ಚಿಕ್ಕ ಕಪ್ಪು ಹರಳುಗಳು ಉದುರಿದರೆ, ಬೆರಳಿನಿಂದ ತೀಡಿದಾಗ ಕಾಡಿಗೆಯಂತೆ ಹತ್ತಿದರೆ, ಅದು ಡಬ್ಬಿಯೊಳಗಿನ ಇದ್ದಿಲು. ಡಬ್ಬಿಯ ಒಳಜಾಲರಿ ಒಡೆದಿದೆ. ಆಗ ವಾಲ್ವ್ ಒಂದನ್ನೇ ಬದಲಿಸಿದರೆ ಕೆಲವೇ ದಿನಗಳಲ್ಲಿ ಹೊಸದರ ಬಾಯಿಗೂ ಹರಳು ಸಿಕ್ಕಿಕೊಳ್ಳುತ್ತದೆ. ಡಬ್ಬಿ ಬದಲಿಸಿ, ನಡುವಿನ ಪೈಪನ್ನು ಕಳಚಿ ಸ್ವಚ್ಛ ಮಾಡಿ, ಆಮೇಲೆ ವಾಲ್ವ್ ಕೂರಿಸಿ.

ಡಬ್ಬಿ ಹಾಳಾಗಲು ಒಂದು ಸಾಮಾನ್ಯ ಕಾರಣ ನಮ್ಮದೇ ಅಭ್ಯಾಸ: ಬಂಕಿನ ನಳಿಕೆ ಟಕ್ಕೆಂದು ನಿಂತ ಮೇಲೂ ಇನ್ನಷ್ಟು ತುಂಬಿಸುವುದು. ಆವಿಗಾಗಿ ಬಿಟ್ಟ ಜಾಗಕ್ಕೆ ಪೆಟ್ರೋಲೇ ನುಗ್ಗಿ ಡಬ್ಬಿಗೆ ಇಳಿಯುತ್ತದೆ. ನೆನೆದ ಇದ್ದಿಲು ಹೆಚ್ಚಾಗಿ ಮತ್ತೆ ಮೊದಲಿನಂತಾಗುವುದಿಲ್ಲ. ಬಿಚ್ಚಿದ ಡಬ್ಬಿ ಕೈಗೆ ವಿಪರೀತ ಭಾರ ಎನ್ನಿಸಿದರೆ, ಅಲುಗಿಸಿದಾಗ ಒಳಗೆ ದ್ರವ ಕುಲುಕಿದರೆ ಅದರ ಕಥೆ ಮುಗಿದಿದೆ.

ಲಕ್ಷಣ: ಪೆಟ್ರೋಲ್ ಹಾಕುವಾಗ ನಳಿಕೆ ಮತ್ತೆ ಮತ್ತೆ ನಿಲ್ಲುತ್ತದೆ

ಬಂಕಿನವರನ್ನು ದೂರಬೇಡಿ, ಬೇರೆ ಬಂಕಿನಲ್ಲೂ ಹಾಗೆಯೇ ಆದರೆ ದೋಷ ಕಾರಿನದು. ಒಳಗೆ ಹೋಗುವ ಪೆಟ್ರೋಲಿಗೆ ಜಾಗ ಬಿಡಲು ಆವಿ ಹೊರಗೆ ಹೋಗಬೇಕು, ಹೊರದಾರಿ ಕಟ್ಟಿದೆ. ವೆಂಟ್ ವಾಲ್ವ್, ಅದರ ಚಿಕ್ಕ ಫಿಲ್ಟರ್, ಪೈಪಿನ ತುದಿ ನೋಡಿ. ಕೆಸರು, ಜೇಡರ ಬಲೆ, ಕಣಜದ ಮಣ್ಣುಗೂಡು ಸಿಗುತ್ತವೆ. ಜೇಡಕ್ಕೆ ಪೆಟ್ರೋಲ್ ವಾಸನೆಯ ಕೊಳವೆಯಲ್ಲಿ ಮನೆ ಕಟ್ಟುವ ಉಮೇದು ಏಕೋ ನಾನರಿಯೆ.

ಇದರ ಜೊತೆಗಾರ ಲಕ್ಷಣವೂ ಒಂದಿದೆ. ಗಂಟೆಗಟ್ಟಲೆ ಓಡಿದ ಮೇಲೆ ಕಾರು ಸೊರಗಿ ನಿಲ್ಲುತ್ತದೆ. ಮುಚ್ಚಳ ತೆರೆದರೆ ಜೋರಾಗಿ ಗಾಳಿ ಒಳಗೆಳೆದುಕೊಳ್ಳುವ ಸದ್ದು. ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗದಂತೆ ಹೊರಡುತ್ತದೆ. ಪೆಟ್ರೋಲ್ ಖಾಲಿಯಾದ ಜಾಗಕ್ಕೆ ಗಾಳಿ ಬಾರದೆ ಟ್ಯಾಂಕಿನಲ್ಲಿ ನಿರ್ವಾತ ಹುಟ್ಟಿ, ಪಂಪ್ ಎಳೆಯಲಾರದೆ ಸೋತಿದೆ. ಉಸಿರುರಂಧ್ರ ಇರುವ ಮುಚ್ಚಳದ ಜಾಗದಲ್ಲಿ ಇಲ್ಲದ್ದನ್ನು ಹಾಕಿದರೂ ಹಳೆಯ ಕಾರುಗಳಲ್ಲಿ ಹೀಗಾಗುತ್ತದೆ. ಇದನ್ನು ಹಾಗೆಯೇ ಬಿಟ್ಟು ಓಡಿಸಿದರೆ ಟ್ಯಾಂಕ್ ಒಳಕ್ಕೆ ಕುಸಿಯುವುದೂ ಉಂಟು. ಬಿಸಿಲಲ್ಲಿ ನಿಂತ ಕಾರಿನ ಮುಚ್ಚಳ ತೆರೆದಾಗ ಮೆಲ್ಲಗೆ ಹೊರಬರುವ ಉಸ್ಸೆಂಬ ಸದ್ದಿಗೆ ಮಾತ್ರ ಹೆದರಬೇಕಿಲ್ಲ.

ಲಕ್ಷಣ: ಚೆಕ್ ಎಂಜಿನ್ ದೀಪ ಹತ್ತಿದೆ, ಕಾರು ಚೆನ್ನಾಗಿಯೇ ಓಡುತ್ತಿದೆ

ಕೋಡ್ ಓದುವ ಚಿಕ್ಕ ಉಪಕರಣ ಇದ್ದರೆ ಕೆಲಸ ಹಗುರ. ಪಿ0455 ದೊಡ್ಡ ಸೋರಿಕೆ, ಪಿ0442 ಸಣ್ಣದು, ಪಿ0456 ಅತಿ ಸಣ್ಣದು, ಪಿ0457 ಮುಚ್ಚಳ ಸಡಿಲ, ಪಿ0441 ಪರ್ಜ್ ಹರಿವು ಸರಿಯಿಲ್ಲ, ಪಿ0446 ವೆಂಟ್ ನಿಯಂತ್ರಣದ ತೊಂದರೆ. ಕೋಡ್ ಹೇಳುವುದು ಕಂಪ್ಯೂಟರಿಗೆ ಏನು ಕಂಡಿತು ಎಂದಷ್ಟೇ. ಯಾವ ಭಾಗ ಕೊಳ್ಳಬೇಕೆಂದು ಅದು ಹೇಳುವುದಿಲ್ಲ.

ದೊಡ್ಡ ಸೋರಿಕೆಯ ಕೋಡ್ ಕಂಡರೆ ನನಗೆ ಸಂತೋಷ. ಕಳಚಿದ ಪೈಪೋ ಬಿಗಿಯದ ಮುಚ್ಚಳವೋ ಕಣ್ಣಿಗೇ ಕಾಣುತ್ತದೆ. ಕಾಡುವುದು ಅತಿ ಸಣ್ಣದು. ಅದರ ಮಿತಿ ಅರ್ಧ ಮಿಲಿಮೀಟರ್ ರಂಧ್ರ, ಅಂದರೆ ಹೊಲಿಗೆ ಸೂಜಿ ಚುಚ್ಚಿದಷ್ಟು. ಮುಚ್ಚಳ, ಪೈಪ್, ಪರ್ಜ್ ವಾಲ್ವ್ ಪರೀಕ್ಷಿಸಿದ ಮೇಲೂ ಸಿಗದಿದ್ದರೆ ಹೊಗೆ ಯಂತ್ರ ಇರುವ ಗ್ಯಾರೇಜಿಗೆ ಹೋಗಿ. ಇಂಧನ ವ್ಯವಸ್ಥೆಗೆಂದೇ ಮಾಡಿದ ಆ ಯಂತ್ರ ಬಹಳ ಕಡಿಮೆ ಒತ್ತಡದಲ್ಲಿ, ಟೈರಿನ ಗಾಳಿಯ ಐವತ್ತನೇ ಒಂದು ಭಾಗಕ್ಕೂ ಕಡಿಮೆ ಒತ್ತಡದಲ್ಲಿ, ಹೊಗೆ ತುಂಬುತ್ತದೆ. ಬಿರುಕಿನಿಂದ ಊದುಕಡ್ಡಿಯ ಎಳೆಯಂತೆ ಹೊಗೆ ಏಳುತ್ತದೆ. ಇದನ್ನು ಮನೆಯಲ್ಲಿ ಕಂಪ್ರೆಸರ್ ಹಚ್ಚಿ ಅನುಕರಿಸಬೇಡಿ. ಟ್ಯಾಂಕಿಗೆ ಗಾಳಿ ತುಂಬುವುದೆಂದರೆ ಆವಿಯ ಜೊತೆ ಆಮ್ಲಜನಕ ಬೆರೆಸಿ ಒತ್ತಡ ಕೊಡುವುದು. ಒಡೆಯಬಹುದು, ಸಿಡಿಯಬಹುದು.

ಮುಚ್ಚಳ ಬಿಗಿದ ಕೂಡಲೇ ದೀಪ ಆರುವುದಿಲ್ಲ. ಕಂಪ್ಯೂಟರ್ ಈ ಪರೀಕ್ಷೆಯನ್ನು ತನಗೆ ಒಪ್ಪುವ ಹೊತ್ತಿನಲ್ಲಿ ಮಾತ್ರ ಮಾಡುತ್ತದೆ: ರಾತ್ರಿಯಿಡೀ ತಣಿದ ಎಂಜಿನ್, ಟ್ಯಾಂಕ್ ತೀರಾ ಖಾಲಿಯೂ ಅಲ್ಲ ಪೂರ್ತಿಯೂ ಅಲ್ಲ, ಹವೆ ಹೆಚ್ಚು ಬಿಸಿಯೂ ಅಲ್ಲ ಹೆಚ್ಚು ಚಳಿಯೂ ಅಲ್ಲ. ಅರ್ಧ ಟ್ಯಾಂಕ್ ಇಟ್ಟುಕೊಂಡು ಹಲವು ದಿನ ಎಂದಿನಂತೆ ಓಡಿಸಿ. ವಾಹನ ಮಾಲಿನ್ಯ ಅಳೆಯುವ ಹೊಗೆ ತಪಾಸಣೆಯ ಹಿಂದಿನ ರಾತ್ರಿ ಕೋಡ್ ಅಳಿಸುವ ಜಾಣತನ ಬೇಡ; ಪರೀಕ್ಷೆಗಳು ಇನ್ನೂ ಮುಗಿದಿಲ್ಲ ಎಂದು ಕಂಪ್ಯೂಟರ್ ತಾನೇ ಚಾಡಿ ಹೇಳುತ್ತದೆ.

ದೀಪ ಸ್ಥಿರವಾಗಿ ಉರಿಯದೆ ಮಿಣುಕುತ್ತಿದ್ದರೆ ಅದು ಬೇರೆಯೇ ವಿಷಯ. ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಹೊರಬೀಳುತ್ತಿದೆ, ಅದು ಹೊಗೆಯನ್ನು ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್ ಒಳಗೆ ಹೊತ್ತಿಕೊಂಡು ಅದನ್ನು ಸುಡುತ್ತದೆ. ವೇಗ ತಗ್ಗಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಒಣಹುಲ್ಲಿನ ಮೇಲೆ ಮಾತ್ರ ನಿಲ್ಲಿಸಬೇಡಿ.

ಲಕ್ಷಣ: ನಿಂತಲ್ಲಿ ನಡುಕ, ಏರಿನಲ್ಲಿ ಟಕಟಕ ಸದ್ದು

ಇಜಿಆರ್ ವಾಲ್ವ್ ಹೊಗೆಯ ಒಂದು ಪಾಲನ್ನು ಮರಳಿ ಎಂಜಿನ್ನಿಗೆ ಬಿಟ್ಟು ಉರಿಯ ಕಾವನ್ನು ತಗ್ಗಿಸುತ್ತದೆ. ಮಸಿ ಕಟ್ಟಿ ತೆರೆದೇ ನಿಂತರೆ ನಿಂತಲ್ಲಿ ನಡುಕ. ಮುಚ್ಚಿಯೇ ನಿಂತರೆ ಏರಿನಲ್ಲಿ ಟಕಟಕ. ವ್ಯಾಕ್ಯೂಮ್ ಬಗೆಯದಾದರೆ ಎಂಜಿನ್ ನಿಂತಲ್ಲೇ ಓಡುವಾಗ ಗಾಳಿ ಎಳೆಯುವ ಕೈಪಂಪಿನಿಂದ ವಾಲ್ವನ್ನು ತೆರೆಯಿರಿ. ಎಂಜಿನ್ ತೊದಲಿದರೆ ದಾರಿ ಸರಿಯಿದೆ. ವಾಲ್ವ್ ಎದ್ದರೂ ಎಂಜಿನ್ ಕದಲದಿದ್ದರೆ ದಾರಿಯಲ್ಲಿ ಮಸಿ ತುಂಬಿದೆ, ಕೆರೆದು ತೆಗೆಯಬೇಕು.

ಎಂಜಿನ್ನಿನ ಹೊಟ್ಟೆಯಲ್ಲಿ ತುಂಬುವ ಆವಿಯನ್ನು ಮರಳಿ ಉರಿಯಲು ಬಿಡುವ ಪಿಸಿವಿ ವಾಲ್ವ್ ಅಗ್ಗದ ವಸ್ತು, ಬಹುಮಂದಿ ಮರೆಯುವ ವಸ್ತು. ತೆಗೆದು ಅಲುಗಿಸಿ, ಒಳಗೆ ಗಲಗಲ ಎನ್ನಬೇಕು. ಮೂಕವಾಗಿದ್ದರೆ ಬದಲಿಸಿ. ಏರ್ ಫಿಲ್ಟರಿನಲ್ಲಿ ಆಯಿಲ್ ಕಂಡರೆ, ಹೊಸದಾಗಿ ಅಲ್ಲಲ್ಲಿ ಆಯಿಲ್ ಜಿನುಗತೊಡಗಿದರೆ ಮೊದಲು ಇದನ್ನೇ ಶಂಕಿಸಿ.

ಲಕ್ಷಣ: ಕೊಳೆತ ಮೊಟ್ಟೆಯ ವಾಸನೆ

ಪೆಟ್ರೋಲ್ ಹೆಚ್ಚಾಗಿ ಉರಿಯುವಾಗ ಅದರಲ್ಲಿರುವ ಗಂಧಕ ಕನ್ವರ್ಟರಿನಲ್ಲಿ ಹೈಡ್ರೋಜನ್ ಸಲ್ಫೈಡ್ ಆಗುತ್ತದೆ. ಆದರೆ ಅತಿಯಾಗಿ ಚಾರ್ಜ್ ಆಗುವ ಬ್ಯಾಟರಿಯೂ ಇದೇ ವಾಸನೆ ಕೊಡುತ್ತದೆ. ಕಾರಿನಡಿ ಹೋಗುವ ಮುನ್ನ ಎಂಜಿನ್ ಓಡುವಾಗ ಬ್ಯಾಟರಿಯ ತುದಿಗಳಲ್ಲಿ ವೋಲ್ಟೇಜ್ ಅಳೆಯಿರಿ. 14 ವೋಲ್ಟ್ ಆಸುಪಾಸು ಇದ್ದರೆ ಸರಿ. 15 ದಾಟಿದರೆ ಚಾರ್ಜಿಂಗ್ ರೆಗ್ಯುಲೇಟರ್ ಕೆಟ್ಟಿದೆ, ಕಿಡಿಯನ್ನು ಬ್ಯಾಟರಿಯ ಹತ್ತಿರ ತರಬೇಡಿ.

ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎನ್ನುವ ಪಿ0420 ಕೋಡ್ ಬಂದ ಕೂಡಲೇ ದುಬಾರಿ ಕನ್ವರ್ಟರ್ ಬದಲಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಮೊದಲು ಸೈಲೆನ್ಸರ್ ಪೈಪಿನಲ್ಲಿ ಸೋರಿಕೆ ಹುಡುಕಿ, ಆಮೇಲೆ ಆಕ್ಸಿಜನ್ ಸೆನ್ಸರ್, ಪ್ಲಗ್, ವೈರ್. ಕನ್ವರ್ಟರ್ ತಾನಾಗಿ ಸಾಯುವುದು ವಿರಳ. ಅದನ್ನು ಕೊಂದದ್ದನ್ನು ಸರಿಪಡಿಸದಿದ್ದರೆ ಹೊಸದೂ ಸಾಯುತ್ತದೆ. ತಣ್ಣಗಿರುವಾಗ ಕೈಮುಷ್ಟಿಯಿಂದ ತಟ್ಟಿದರೆ ಒಳಗೆ ಚೂರುಗಳು ಗಲಗಲಿಸಿದರೆ ಮಾತ್ರ ವಾದಕ್ಕೆ ಜಾಗವಿಲ್ಲ.

ಲಕ್ಷಣ: ಹೊಗೆ ತಪಾಸಣೆಯಲ್ಲಿ ಅನುತ್ತೀರ್ಣ

ಕಾರನ್ನು ಇಪ್ಪತ್ತು ನಿಮಿಷ ಓಡಿಸಿ ಬಿಸಿ ಮಾಡಿಯೇ ಒಯ್ದಿದ್ದಿರಾ? ತಣ್ಣಗಿನ ಕನ್ವರ್ಟರ್ ಕೆಲಸ ಮಾಡುವುದಿಲ್ಲ. ಬಿಸಿಯಿದ್ದೂ ಸೋತಿದ್ದರೆ ತಪಾಸಣೆಯವರು ಕೊಟ್ಟ ಚೀಟಿಯ ಅಂಕಿಗಳನ್ನು ಓದಿ. ಹೈಡ್ರೋಕಾರ್ಬನ್ ಹೆಚ್ಚಿದ್ದು ಕಾರ್ಬನ್ ಮೊನಾಕ್ಸೈಡ್ ಸರಿಯಿದ್ದರೆ ಪೆಟ್ರೋಲ್ ಉರಿಯದೆ ಹೋಗುತ್ತಿದೆ: ಪ್ಲಗ್, ವೈರ್, ಗಾಳಿ ಸೋರಿಕೆ. ನೈಟ್ರೋಜನ್ ಆಕ್ಸೈಡ್ ಏರಿದ್ದರೆ ಮೇಲಿನ ಇಜಿಆರ್ ಮಾತಿಗೆ ಹಿಂದಿರುಗಿ.

ಕಾರ್ಬನ್ ಮೊನಾಕ್ಸೈಡ್ ಹೆಚ್ಚಿದ್ದರೆ ಪೆಟ್ರೋಲ್ ಅತಿಯಾಗಿದೆ. ಏರ್ ಫಿಲ್ಟರ್, ಚೋಕ್ ನೋಡಿದ ಮೇಲೂ ಕಾರಣ ಸಿಗದಿದ್ದರೆ ಹೊಗೆ ಅಳೆಯುವ ಮೀಟರ್ ಹಚ್ಚಿರುವಾಗಲೇ ಎರಡು ಚಿಕ್ಕ ಪರೀಕ್ಷೆ ಮಾಡಲು ಮೆಕ್ಯಾನಿಕ್ಕಿಗೆ ಹೇಳಿ. ಪರ್ಜ್ ಪೈಪನ್ನು ಎಂಜಿನ್ ಕಡೆ ಕಳಚಿ ಬಾಯಿ ಮುಚ್ಚಿದಾಗ ಅಂಕಿ ಇಳಿದರೆ ತಪ್ಪು ಡಬ್ಬಿಯದೋ ಪರ್ಜ್ ವಾಲ್ವಿನದೋ. ಅದನ್ನು ಜೋಡಿಸಿ ಪಿಸಿವಿ ಪೈಪನ್ನು ಹಾಗೆಯೇ ಮಾಡಿದಾಗ ಇಳಿದರೆ ಆಯಿಲಿನಲ್ಲಿ ಪೆಟ್ರೋಲ್ ಸೇರಿದೆ; ಸೇರಿದ ಕಾರಣ ಹುಡುಕಿ ಆಯಿಲ್ ಬದಲಿಸಬೇಕು. ಎರಡಕ್ಕೂ ಇಳಿಯದಿದ್ದರೆ ಇಂಜೆಕ್ಟರ್, ಒತ್ತಡ ನಿಯಂತ್ರಕ, ಸೆನ್ಸರ್‌ಗಳ ಸರದಿ, ಅದು ಗ್ಯಾರೇಜಿನ ಕೆಲಸ. ಹೋಗುವಾಗ ವಾಸನೆಯ ಹೊತ್ತು ಬರೆದಿಟ್ಟ ಆ ವಾರದ ಚೀಟಿಯನ್ನು ಒಯ್ದು ಕೊಡಿ. ಯಾವ ಭಾಗ ಬದಲಿಸಬೇಕೆಂದು ನೀವೇ ಹೇಳಿಬಿಟ್ಟರೆ ಅದನ್ನು ಬದಲಿಸಿ ಕಳುಹಿಸಿಬಿಡುತ್ತಾರೆ.